ನಿಟ್ಟುಸಿರು ಬಿಡುವ ಕಾರು

ಡ್ರೈವಿಂಗ್ ಸ್ಕೂಲಿನ ಕಾರು ನಡುದಾರಿಯಲ್ಲಿ ನಿಂತರೆ ಯಾರೂ ಆಶ್ಚರ್ಯಪಡುವುದಿಲ್ಲ. ಆ ಗಾಡಿ ಹುಟ್ಟಿರುವುದೇ ನಿಲ್ಲುವುದಕ್ಕೆ. ಕಲಿಯುವವರು ಕ್ಲಚ್ಚಿನಿಂದ ಪಟಕ್ಕನೆ ಕಾಲೆತ್ತುತ್ತಾರೆ, ಕಾರು ಆಡಿನ ಮರಿಯ ಹಾಗೆ ಒಮ್ಮೆ ನೆಗೆದು ತೆಪ್ಪಗಾಗುತ್ತದೆ, ಹಿಂದಿನವರು ಹಾರನ್ ಬಾರಿಸುತ್ತಾರೆ, ಪಕ್ಕದ ಸೀಟಿನಿಂದ ಮೇಡಂ "ಕ್ಲಚ್ಚು, ಕ್ಲಚ್ಚು" ಅನ್ನುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ಅವಳದು ಇದೇ ಜಪ. ಹೀಗಾಗಿ ಆ ಹಳೇ ಬಿಳಿ ಕಾರಿಗೆ ನಿಜವಾಗಿಯೂ ಕಾಯಿಲೆ ಬಂದಾಗ ಎಷ್ಟೋ ದಿನ ಅದು ಯಾರ ಗಮನಕ್ಕೂ ಬರಲಿಲ್ಲ.

ಅದರ ಏಟು ತಿಂದವಳು ಟೈಲರ್ ಅಕ್ಕ. ಐವತ್ತು ದಾಟಿದ ಹೆಂಗಸು, ಬೀದಿ ತುದಿಯಲ್ಲಿ ಸ್ವಂತ ಅಂಗಡಿ. ಗಂಡನ ಕಣ್ಣು ಮಂಜಾದ ಮೇಲೆ ಅವರ ಮನೆಯ ಕಾರು ಶೆಡ್ಡಿನಲ್ಲಿ ಮುಸುಕು ಹೊದ್ದು ಮಲಗಿತ್ತು. ಗಂಡನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದರೂ, ಹೊಲಿದ ಯೂನಿಫಾರಂ ಗಂಟುಗಳನ್ನು ಊರಾಚೆಯ ಶಾಲೆಗೆ ಮುಟ್ಟಿಸಬೇಕಾದರೂ ಯಾರದಾದರೂ ಕಾಲು ಹಿಡಿಯಬೇಕಿತ್ತು. ಕಂಡವರ ಕಾಲು ಹಿಡಿದು ಸಾಕಾಗಿ, ತನ್ನ ಕಾಲನ್ನೇ ಕ್ಲಚ್ಚಿನ ಮೇಲೆ ಇಡೋಣ ಅಂತ ಬಂದಿದ್ದಳು. "ಈ ವಯಸ್ಸಲ್ಲಿ ನಿನ್ನ ಕೈಲಾಗೋ ಕೆಲಸವಾ ಅದು?" ಅಂತ ಗಂಡ ಅಂದಿದ್ದೂ ಒಂದು ಕಾರಣ.

ಮೈದಾನದಲ್ಲಿ ಎಂಟು ಹಾಕುವಾಗ ಅವಳದು ಚೊಕ್ಕ ಕೈ. ಊರಾಚೆಯ ಉದ್ದ ರಸ್ತೆಗೆ ಹೋದರೆ ಮಾತ್ರ ಎಡವಟ್ಟು. ಚೆನ್ನಾಗಿ ಓಡುತ್ತಿದ್ದ ಕಾರು ಮುಗ್ಗರಿಸಿದಂತೆ ಮಾಡಿ ನಿಂತುಬಿಡುತ್ತಿತ್ತು.

"ಕ್ಲಚ್ಚು, ಅಕ್ಕಾ!"

"ನಾನು ಕಾಲು ಅಲ್ಲಾಡಿಸೇ ಇಲ್ಲ, ಮೇಡಂ. ಗಾಡೀದೇ ಏನೋ ಇದೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಅಂದು ಮೇಡಂ ನಕ್ಕಿದ್ದಳು. ಕಲಿಯುವವರೆಲ್ಲ ಹಾಗೇ ಹೇಳುವುದು, ಅವಳು ಎಲ್ಲರಿಗೂ ಈ ಗಾದೆಯನ್ನೇ ಬಡಿಸುವುದು. ಸ್ವಲ್ಪ ಹೊತ್ತು ಕಾದು ಕೀ ತಿರುಗಿಸಿದರೆ ಕಾರು ಏನೂ ಆಗದವರ ಹಾಗೆ ಹೊರಡುತ್ತಿತ್ತು.

ಎರಡನೇ ವಾರಕ್ಕೆ ಅಕ್ಕ ವಾದಿಸುವುದನ್ನು ಬಿಟ್ಟಳು. ಮೂರನೇ ವಾರಕ್ಕೆ, ಲೈಸೆನ್ಸ್ ಟೆಸ್ಟು ಹತ್ತಿರ ಬಂದಿರುವಾಗ, ಅಂಗಡಿ ಮುಂದೆ ಇಳಿದು ಬಾಗಿಲು ಹಾಕುತ್ತ, "ನಾಳೆಯಿಂದ ಬರಲ್ಲ ಮೇಡಂ. ಮನೆಯವರು ಹೇಳಿದ್ದೇ ಸರಿ. ನನ್ನ ಕಾಲಿಗೆ ಈ ವಿದ್ಯೆ ಹತ್ತಲ್ಲ," ಅಂದಳು. ಮುಖ ಚಿಕ್ಕದಾಗಿತ್ತು. ಮೇಡಂ ಏನೋ ಎರಡು ಸಮಾಧಾನದ ಮಾತಾಡಿದಳು, ಮನಸ್ಸಿಟ್ಟು ಆಡಲಿಲ್ಲ. ಬಿಟ್ಟು ಹೋಗುವವರು ಅವಳಿಗೆ ಹೊಸಬರೇನಲ್ಲ.

ಮರುದಿನ ಆ ಹೊತ್ತಿಗೆ ಪಾಠವಿಲ್ಲದೆ, ಮೇಡಂ ಅದೇ ಉದ್ದ ರಸ್ತೆಯಲ್ಲಿ ಒಬ್ಬಳೇ ಕಾರು ಓಡಿಸಿಕೊಂಡು ಹೊರಟಿದ್ದಳು. ಹಾಡು ಗುನುಗುತ್ತಿದ್ದಳು. ಕಾರು ಒಂದೆರಡು ಸಲ ಬಿಕ್ಕಳಿಸಿತು. ಆಮೇಲೆ ನಿಶ್ಶಬ್ದ.

ಬಾಯಿಗೆ ಬಂದ "ಕ್ಲಚ್ಚು" ಅನ್ನುವ ಮಾತನ್ನು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ತನ್ನ ಕಾಲನ್ನು ತಾನೇ ಬಗ್ಗಿ ನೋಡಿಕೊಂಡಳು. ಕಾಲು ಇದ್ದಲ್ಲೇ ಇತ್ತು. ಕ್ಲಚ್ಚಿನಿಂದ ನಿಂತರೆ ಕಾರು ನೆಗೆದು, ಒದರಿ, ಜಗಳವಾಡಿ ನಿಲ್ಲುತ್ತದೆ. ಇದು ಹಾಗಲ್ಲ, ಮಾತಾಡುತ್ತ ಮಾತಾಡುತ್ತ ನಿದ್ದೆ ಹೋದವರ ಹಾಗೆ ನಿಂತಿತ್ತು. ಇಷ್ಟು ವರ್ಷ ಪಾಠ ಹೇಳಿದವಳಿಗೆ ಈ ವ್ಯತ್ಯಾಸ ತಿಳಿಯಲಿಲ್ಲವಲ್ಲ ಅಂತ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಕುತೂಹಲ ಹತ್ತಿಕೊಂಡಿತು. ಓಡುವ ಗಾಡಿ ಯಾಕೆ ನಿಲ್ಲಬೇಕು? ನಿಂತದ್ದು ತಾನಾಗಿ ಯಾಕೆ ಹೊರಡಬೇಕು?

ಸೀದಾ ಭಾವನ ಗ್ಯಾರೇಜಿಗೆ ಹೋದಳು. ಅವಳ ಒಡಹುಟ್ಟಿದ ಅಕ್ಕನ ಗಂಡ, ಮೆಕ್ಯಾನಿಕ್ಕು, ಬಾಯಿ ಒಂದು ಸುತ್ತು ದೊಡ್ಡದು. ಪ್ಲಗ್ಗು ಬದಲಿಸಿದ, ಕಾರ್ಬುರೇಟರ್ ಬಿಚ್ಚಿ ತೊಳೆದ, ವೈರುಗಳನ್ನೆಲ್ಲ ಎಳೆದು ನೋಡಿದ. ಆಮೇಲೆ ಕ್ಯಾನಿನಿಂದ ಒಂದಿಷ್ಟು ಪೆಟ್ರೋಲ್ ಸುರಿದು ಒಂದು ರೌಂಡು ಹೋಗಿ ಬಂದ.

"ಬೆಣ್ಣೆ ಇದ್ದ ಹಾಗಿದೆ ಕಣೇ. ನನ್ನ ಹತ್ರ ಬಂದ್ರೆ ಇದು ಮುದ್ದಿನ ಮಗು."

"ನನ್ನ ಹತ್ರ ಮಾತ್ರ ಯಾಕೆ ಹಟ ಮಾಡುತ್ತೆ, ಭಾವ?"

"ನಿನ್ನ ಬೈಗುಳ ಕೇಳಿ ಕೇಳಿ ಬೇಜಾರಾಗಿರ್ಬೇಕು."

ಮರುದಿನ ಅದು ಮತ್ತೆ ನಿಂತಿತು. ಭಾವ ಮತ್ತೆ ನೋಡಿದ, ಮತ್ತೆ ಪೆಟ್ರೋಲ್ ಸುರಿದು ಓಡಿಸಿದ, ಮತ್ತೆ ಬೆಣ್ಣೆ. ಮೇಡಂಗೆ ಹುಚ್ಚು ಹಿಡಿದ ಹಾಗಾಯಿತು. ಬಿಸಿಲಿಗೆ ಹೀಗೋ ಅಂತ ಬೆಳಗಿನ ತಂಪಿನಲ್ಲಿ ಓಡಿಸಿದಳು, ನಿಂತಿತು. ಭಾರಕ್ಕೆ ಹೀಗೋ ಅಂತ ಡಿಕ್ಕಿ ಖಾಲಿ ಮಾಡಿದಳು, ನಿಂತಿತು. ಮೈದಾನದಲ್ಲಿ ಸುತ್ತಿಸಿದರೆ, ನಿಲ್ಲಿಸಿ ನಿಲ್ಲಿಸಿ ಓಡಿಸಿದರೆ ಮಾತ್ರ ಸುಮ್ಮನಿರುತ್ತಿತ್ತು. ಒಂದೇ ಉಸಿರಿನಲ್ಲಿ ದೂರ ಹೋದರೆ ಅದರ ಉಸಿರು ಕಟ್ಟುತ್ತಿತ್ತು. ಊಟ ಮಾಡುವಾಗಲೂ ಅವಳಿಗೆ ಅದೇ ಯೋಚನೆ. ಕಾರಿನ ಜತೆಗೆ ಟೈಲರ್ ಅಕ್ಕನ ಚಿಕ್ಕದಾದ ಮುಖವೂ ನೆನಪಾಗುತ್ತಿತ್ತು. ಟೆಸ್ಟು ತಪ್ಪಿಸಿಕೊಂಡರೆ ಅಕ್ಕ ಇನ್ನು ಜನ್ಮದಲ್ಲಿ ಸ್ಟೀರಿಂಗ್ ಮುಟ್ಟುವವಳಲ್ಲ.

ಟೆಸ್ಟಿಗೆ ಇನ್ನೆರಡು ದಿನ ಅನ್ನುವಾಗ ಪೆಟ್ರೋಲ್ ಬಂಕಿನ ಬಾಗಿಲಿನಲ್ಲೇ ಎಂಜಿನ್ನು ನಿಂತಿತು. ಕಾರು ಉರುಳಿಕೊಂಡು ಒಳಗೆ ಬಂತು. ಬಂಕಿನ ಹುಡುಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದಳು.

ಉಸ್ಸ್ಸ್...

"ಏನು ಮೇಡಂ, ನಿಮ್ಮ ಗಾಡಿಗೆ ಏನು ಕಷ್ಟ?" ಅಂತ ನಕ್ಕಳು ಹುಡುಗಿ. "ಯಾವಾಗ ಬಂದ್ರೂ ಹೀಗೇ ನಿಟ್ಟುಸಿರು ಬಿಡುತ್ತೆ."

"ಯಾವಾಗ್ಲೂನಾ? ನೀನು ಹೇಳೇ ಇಲ್ಲ?"

"ನೀವು ಕೇಳೇ ಇಲ್ಲ. ಅಯ್ಯೋ, ಪೈಪ್ ಎಟಕ್ತಾ ಇಲ್ಲ, ಒಂಚೂರು ಮುಂದೆ ತಗೊಳ್ಳಿ."

ಈಗ ತಾನೇ ಪ್ರಾಣ ಬಿಟ್ಟ ಗಾಡಿ ಎಲ್ಲಿ ಮುಂದೆ ಹೋಗುತ್ತದೆ ಅಂದುಕೊಳ್ಳುತ್ತಲೇ ಮೇಡಂ ಕೀ ತಿರುಗಿಸಿದಳು. ಕಾರು ತಕ್ಷಣ ಸ್ಟಾರ್ಟ್ ಆಯಿತು. ಇಷ್ಟು ದಿನ ಕಾಯಿಸಿ ಕಾಯಿಸಿ ಹೊರಡುತ್ತಿದ್ದದ್ದು ಇವತ್ತು ಹನಿ ಪೆಟ್ರೋಲ್ ಬೀಳುವ ಮೊದಲೇ ಎದ್ದಿತ್ತು. ಬದಲಾಗಿದ್ದು ಒಂದೇ: ಮುಚ್ಚಳ ತೆರೆದಿತ್ತು. ಭಾವ ರೌಂಡು ಹೊರಡುವ ಮುಂಚೆ ಪ್ರತಿ ಸಲವೂ ತೆರೆಯುತ್ತಿದ್ದದ್ದೂ ಅದನ್ನೇ.

ಮನೆಗೆ ಬಂದಾಗ ಅಪ್ಪ ಅಂಗಳದಲ್ಲಿ ಬಕೆಟ್ಟಿನ ಹಿಡಿ ಸರಿಮಾಡುತ್ತ ಕೂತಿದ್ದರು. ಅವರು ಜೀವನವಿಡೀ ನಲ್ಲಿ, ಪೈಪು, ಟ್ಯಾಂಕಿನ ಕೆಲಸ ಮಾಡಿದವರು. ಸೋರಿಕೆ ಅಂದರೆ ಅವರಿಗೆ ಹುಟ್ಟು ವೈರಿ. ನೆಂಟರ ಮನೆಗೆ ಹೋದರೂ ಕೂರುವ ಮುಂಚೆ ನಲ್ಲಿ ತಿರುಗಿಸಿ ನೋಡುವ ಪೈಕಿ. ಕಾರನ್ನು ದಿನವೂ ಒರೆಸುವವರು ಅವರೇ; ಪೆಟ್ರೋಲ್ ವಾಸನೆ ಅಂತ ಮೊದಲೆಲ್ಲ ಗೊಣಗುತ್ತಿದ್ದರು, ಈಚೆಗೆ ಗೊಣಗಾಟ ನಿಂತಿತ್ತು.

"ಅಪ್ಪಾ, ಟ್ಯಾಂಕಿನ ಮುಚ್ಚಳ ತೆಗೆದ್ರೆ ಉಸ್ ಅಂತ ಗಾಳಿ ಎಳ್ಕೊಂಡ್ರೆ ಏನರ್ಥ?"

ಟ್ಯಾಂಕು ಅನ್ನುವ ಮಾತು ಕಿವಿಗೆ ಬಿದ್ದದ್ದೇ ಅಪ್ಪ ನೆಟ್ಟಗೆ ಕೂತರು. "ಗಾಳಿ ಪೈಪ್ ಇಟ್ಟಿಲ್ಲ ಅಂತ ಅರ್ಥ, ಪುಟ್ಟೀ. ನೀರು ಕೆಳಗಿಳೀಬೇಕಾದ್ರೆ ಮೇಲಿಂದ ಗಾಳಿ ಒಳಗೆ ಬರ್ಬೇಕು. ಬರ್ಲಿಲ್ಲ ಅನ್ಕೋ, ಟ್ಯಾಂಕು ಜಿಪುಣನ ಥರ ನೀರು ಹಿಡ್ಕೊಂಡು ಬಿಡುತ್ತೆ. ನಲ್ಲೀಲಿ ಮೊದಮೊದ್ಲು ಚೆನ್ನಾಗಿ ಬರುತ್ತೆ, ಬರ್ತಾ ಬರ್ತಾ ಸಣ್ಣ ಆಗಿ ನಿಂತೇ ಹೋಗುತ್ತೆ. ಸ್ವಲ್ಪ ಹೊತ್ತು ಬಿಟ್ರೆ ಸಂದೀಲಿ ಗಾಳಿ ನುಸುಳಿ ಮತ್ತೆ ಬರುತ್ತೆ. ಅಷ್ಟೂ ಗೊತ್ತಿಲ್ದೆ ಗಾಳಿ ತೂತು ಮುಚ್ಚಿರೋ ಕತ್ತೆ ಯಾವನು?"

"ಕಾರಿನ ಟ್ಯಾಂಕು, ಅಪ್ಪಾ."

ಅಪ್ಪ ಬಕೆಟ್ಟನ್ನು ನಿಧಾನವಾಗಿ ಕೆಳಗಿಟ್ಟರು. "ಮುಚ್ಚಳದಲ್ಲಿ ಸೂಜಿ ಮೊನೆಯಷ್ಟು ತೂತಿತ್ತು," ಅಂದರು. "ವಾಸನೆ ಬರ್ತಿತ್ತಲ್ಲ... ಪೈಪಿಗೆ ಹಚ್ಚೋ ಗಮ್ಮು ಉಳಿದಿತ್ತು..."

"ಹಚ್ಚಿದ್ರಾ! ಒಂದು ಮಾತು ಹೇಳ್ಬಾರ್ದಿತ್ತಾ?"

"ಸೋರೋದನ್ನ ಮುಚ್ಚಿದ್ದಕ್ಕೆಲ್ಲ ಡಂಗುರ ಹೊಡೀತಾರಾ?"

ಮೇಡಂ ಬಿದ್ದು ಬಿದ್ದು ನಕ್ಕಳು. ಊರಿನ ಟ್ಯಾಂಕಿಗೆಲ್ಲ ಗಾಳಿ ಪೈಪು ಇಟ್ಟ ಮಹಾನುಭಾವರು ಮಗಳ ಕಾರಿನ ಮೂಗು ಮುಚ್ಚಿದ್ದರು. ಅಪ್ಪನಿಗೂ ತಡೆಯಲಾಗದೆ ನಗು ಬಂತು. "ಕೊಡಿಲ್ಲಿ, ಚುಚ್ಚಿ ಕೊಡ್ತೀನಿ," ಅಂತ ಎದ್ದರು. ಅವಳು ಕೊಡಲಿಲ್ಲ. ಮುಚ್ಚಳವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಡೆದೇ ಹೊರಟಳು.

ಟೈಲರ್ ಅಕ್ಕ ಮೆಷಿನ್ನಿನ ಮುಂದೆ ತಲೆ ತಗ್ಗಿಸಿ ಕೂತಿದ್ದಳು. ಮೇಡಂ ಮುಚ್ಚಳವನ್ನು ಹೊಲಿಗೆಯ ಬಟ್ಟೆಗೆ ತಾಕದ ಹಾಗೆ ಹಲಗೆಯ ಮೇಲಿಟ್ಟಳು.

"ಅಕ್ಕಾ, ದಪ್ಪ ಸೂಜಿ ಇದೆಯಾ? ಇಲ್ಲೊಂದು ತೂತು ಬಿಡಿಸ್ಬೇಕು."

ಅಕ್ಕ ದಬ್ಬಳ ತಂದು, ಕನ್ನಡಕ ಏರಿಸಿ, ಒಣಗಿದ ಗಮ್ಮನ್ನು ಚುಚ್ಚಿ ಚುಚ್ಚಿ ತೆಗೆದಳು. ಅವಳು ತೆಗೆಯುತ್ತಿದ್ದಷ್ಟು ಹೊತ್ತೂ ಮೇಡಂ ಎಲ್ಲವನ್ನೂ ಹೇಳಿದಳು, ತಾನು ಗಾದೆ ಹೇಳಿ ನಕ್ಕಿದ್ದನ್ನೂ ಬಿಡಲಿಲ್ಲ. "ನೆಲಾನೇ ಡೊಂಕಿತ್ತು, ಅಕ್ಕಾ. ನಿಮ್ಮ ಮಾತು ನಾನು ನಂಬಬೇಕಿತ್ತು. ತಪ್ಪಾಯ್ತು."

ಅಕ್ಕ ಮುಚ್ಚಳವನ್ನು ಬೆಳಕಿಗೆ ಹಿಡಿದು ತೂತಿನಲ್ಲಿ ಒಂದು ಕಣ್ಣಿಟ್ಟು ನೋಡಿದಳು. ಆ ಕಣ್ಣು ಒದ್ದೆಯಾಗಿತ್ತು. "ಮೆಷಿನ್ ತುಳಿಯೋವಾಗ್ಲೂ ಕಾಲು ನೋಡ್ಕೊಳ್ಳೋ ಹಾಗಾಗಿತ್ತು ಮೇಡಂ. ಇದೂ ಎಲ್ಲಿ ಕೈಕೊಡುತ್ತೋ ಅಂತ." ಆಮೇಲೆ ದಬ್ಬಳವನ್ನು ಡಬ್ಬಿಗೆ ಹಾಕಿ, "ನಾಳೆ ಎಷ್ಟು ಹೊತ್ತಿಗೆ ಬರ್ಲಿ?" ಅಂದಳು.

ಮರುದಿನ ಉದ್ದ ರಸ್ತೆಯನ್ನು ಆ ತುದಿಯಿಂದ ಈ ತುದಿಗೆ ಹೋಗಿ ಬಂದರು. ಕಾರು ಎಲ್ಲೂ ಬಿಕ್ಕಳಿಸಲಿಲ್ಲ.

ಟೆಸ್ಟಿನ ದಿನ ಮೇಡಂ ಮೈದಾನದ ಬೇಲಿಯ ಹತ್ತಿರ ನಿಂತಿದ್ದಳು. ಅಪ್ಪನೂ ಬಂದಿದ್ದರು, ಪಾಪಪ್ರಜ್ಞೆಗೆ ಕಾರನ್ನು ಎರಡೆರಡು ಸಲ ಒರೆಸಿದ್ದರು. ಅಕ್ಕ ಚಾಲಕರ ಸೀಟಿನಲ್ಲಿ, ಪಕ್ಕದಲ್ಲಿ ಗಂಟು ಮುಖದ ಇನ್ಸ್‌ಪೆಕ್ಟರು. ಕಾರು ಹೊರಟಿತು, ಆಡಿನ ಮರಿಯ ಹಾಗೆ ಒಂದು ನೆಗೆತ ನೆಗೆದು ಧಡಕ್ಕನೆ ನಿಂತಿತು.

ಮೇಡಂ ಅಪ್ಪನ ಕಡೆ ತಿರುಗಿ ನೋಡಿದಳು. "ನಾನು ಏನೂ ಮುಚ್ಚಿಲ್ಲಪ್ಪ," ಅಂದರು ಅಪ್ಪ ಗಾಬರಿಯಿಂದ.

ಅಷ್ಟರಲ್ಲಿ ಕಿಟಕಿಯಿಂದ ಟೈಲರ್ ಅಕ್ಕನ ತಲೆ ಹೊರಬಂತು. ಮುಖದ ತುಂಬ ನಗು.

"ಮೇಡಂ, ನೆಲ ನೆಟ್ಟಗಿದೆ!" ಅಂತ ಮೈದಾನಕ್ಕೆಲ್ಲ ಕೇಳುವ ಹಾಗೆ ಕೂಗಿದಳು. "ಇದು ನನ್ನ ಕಾಲೇ!"

ಇನ್ಸ್‌ಪೆಕ್ಟರು ಕಕ್ಕಾಬಿಕ್ಕಿಯಾಗಿ ಮೊದಲು ನೆಲ ನೋಡಿದರು, ಆಮೇಲೆ ಅವಳ ಕಾಲು ನೋಡಿದರು. ಅಕ್ಕ ತಲೆ ಒಳಗೆಳೆದುಕೊಂಡು, ಕ್ಲಚ್ ಒತ್ತಿ, ಕೀ ತಿರುಗಿಸಿ, ಕಾಲನ್ನು ಮೆತ್ತಗೆ ಬಿಡುತ್ತ ಹೊರಟೇಬಿಟ್ಟಳು.