ಕೊರಳಿನ ಮೆಣಸುಕಾಳು

“ತಲೆ ಅಲ್ಲಾಡಿಸಬೇಡ, ದಾರ ಜಾರತ್ತೆ” ಎಂದು ಚಿಕ್ಕಮ್ಮ ಗದರಿದಳು.

ಪುಟ್ಟಿ ಉಸಿರು ಬಿಗಿಹಿಡಿದು ಕೂತಳು. ವಯಸ್ಸು ನಲವತ್ತು ದಾಟಿದ್ದರೂ ಈ ಮನೆಯಲ್ಲಿ ಅವಳು ಪುಟ್ಟಿಯೇ. ಹೊಲಿಗೆ ಯಂತ್ರದ ಪಕ್ಕ ಅದೇ ಸ್ಟೂಲು, ಹೊಸ ಬಟ್ಟೆಯ ಅದೇ ಗಂಜಿ ವಾಸನೆ. ತಾಯಿ ತೀರಿಕೊಂಡ ಮೇಲೆ ಅವಳು ಬೆಳೆದದ್ದು ಇದೇ ಕೋಣೆಯಲ್ಲಿ, ಯಂತ್ರ ತುಳಿಯುವ ಈ ಚಿಕ್ಕಮ್ಮನ, ತಾಯಿಯ ತಂಗಿಯ, ಕಾಲಬುಡದಲ್ಲಿ, ಬಣ್ಣಬಣ್ಣದ ಚಿಂದಿಗಳ ನಡುವೆ.

ಈಗ ಅವಳದು ಒಡವೆ ಅಂಗಡಿಯಲ್ಲಿ ಕೆಲಸ. ಸರಗಳನ್ನು ತನ್ನ ಕೊರಳಿಗೇ ಹಾಕಿ ಗಿರಾಕಿಗಳಿಗೆ ತೋರಿಸಬೇಕು. ಈ ವರ್ಷ ಅದೇ ಕೊರಳ ಸುತ್ತ ಸಾಸಿವೆಯಷ್ಟು, ಮೆಣಸಿನಷ್ಟು ನರಹುಲಿಗಳು ಎದ್ದಿದ್ದವು. ಮೊನ್ನೆ ಒಬ್ಬ ಹೆಂಗಸು ಸರ ನೋಡುವುದು ಬಿಟ್ಟು ಅವನ್ನೇ ನೋಡಿ ಮುಖ ಸಿಂಡರಿಸಿದಳು. ಮಾಲೀಕರು ಕೆಟ್ಟವರಲ್ಲ. “ಸ್ವಲ್ಪ ದಿನ ಬಳೆ ಕಡೆ ನೋಡ್ಕೊಳ್ಳಮ್ಮ” ಎಂದರು, ಅಷ್ಟೇ. ಪುಟ್ಟಿ ಆ ಸಂಜೆಯೇ ಬೆಳ್ಳುಳ್ಳಿ ಜಜ್ಜಿ ಕಟ್ಟಿಕೊಂಡಳು. ನರಹುಲಿ ಮಿಸುಕಲಿಲ್ಲ, ಸುತ್ತಲಿನ ಚರ್ಮ ಮಾತ್ರ ಸುಟ್ಟು ಕೆಂಪಾಯಿತು.

“ಬೆಳ್ಳುಳ್ಳಿ ಒಗ್ಗರಣೆಗೆ ಕಣೇ, ಕುತ್ತಿಗೆಗಲ್ಲ” ಎಂದು ಚಿಕ್ಕಮ್ಮ ನಕ್ಕಳು. “ಬುಡಕ್ಕೆ ದಾರ ಬಿಗಿದ್ರೆ ತಾನಾಗೇ ಒಣಗಿ ಉದುರತ್ತೆ.”

“ಹಾಗಾದ್ರೆ ನಿಂದ್ಯಾಕೆ ಉದುರಲಿಲ್ಲ?”

ಚಿಕ್ಕಮ್ಮನ ಕೊರಳ ಎಡಕ್ಕೆ, ಅಳತೆ ಟೇಪು ದಿನವಿಡೀ ಉಜ್ಜುವ ಕಡೆ, ಒಂದು ದಪ್ಪ ನರಹುಲಿ ಮೊದಲಿಂದಲೂ ಇತ್ತು. ಈಚೆಗೆ ಅದರ ಸುತ್ತ ಒಂದು ಸಂಸಾರವೇ ಹುಟ್ಟಿಕೊಂಡಿತ್ತು.

“ನಂಗೂ ಆಗ ಚೆಂದ ಕಾಣೋ ವಯಸ್ಸು. ದಾರ ಬಿಗಿದು ಮೇಲೊಂದು ಪಟ್ಟಿ ಅಂಟಿಸಿದ್ದೆ. ನೀನು ಬಿಟ್ಟೀಯಾ? ‘ನನ್ನ ಮೆಣಸುಕಾಳು ಎಲ್ಲಿ’ ಅಂತ ಒಂದೇ ರಂಪ. ಅದನ್ನ ಬೆರಳಲ್ಲಿ ಹಿಡ್ಕೊಂಡ್ರೇನೇ ನಿಂಗೆ ನಿದ್ದೆ. ಕೊನೆಗೆ ದಾರ ಕಿತ್ತು ಬಿಸಾಕಿದೆ.”

ರಂಪ ಪುಟ್ಟಿಗೆ ನೆನಪಿರಲಿಲ್ಲ. ಬೆರಳ ತುದಿಗೆ ಸಿಗುತ್ತಿದ್ದ ಆ ಮೆತ್ತನೆಯ ಕಾಳು ನೆನಪಿತ್ತು, ಚಿಕ್ಕಮ್ಮನ ಕೊರಳ ಬಿಸುಪು ನೆನಪಿತ್ತು, ಅವಳು ಏನಾದರೂ ಗುನುಗುವಾಗ ಆ ಚರ್ಮದ ಒಳಗೆಲ್ಲೋ ಆಗುತ್ತಿದ್ದ ಸಣ್ಣ ಕಂಪನವೂ.

ಮರುದಿನ ದಾರ ಕಟ್ಟಿದ ಜಾಗ ಬಾತುಕೊಂಡಿತು. “ನಂದೇ ತಪ್ಪು” ಎಂದು ಗೊಣಗುತ್ತ ಚಿಕ್ಕಮ್ಮನೂ ಪುಟ್ಟಿಯ ಜೊತೆ ಚರ್ಮದ ಡಾಕ್ಟರ ಬಳಿಗೆ ಹೊರಟಳು.

ಡಾಕ್ಟರಮ್ಮ ದಾರ ಬಿಡಿಸಿ ಮುಲಾಮು ಹಚ್ಚಿದರು. “ಇದರಿಂದ ಅಪಾಯ ಏನಿಲ್ಲ. ಉಜ್ಜಿ ಉಜ್ಜಿ ಬರತ್ತೆ, ಮೈ ಬಂದ್ರೆ ಬರತ್ತೆ, ವಂಶದಿಂದಾನೂ ಬರತ್ತೆ. ಹುಣ್ಣು ಮಾಯಲಿ, ನಾನೇ ತೆಗೆದುಕೊಡ್ತೀನಿ.”

“ವಂಶ ಅಂದ್ರೆ ನಾನೇ” ಎಂದಳು ಚಿಕ್ಕಮ್ಮ, ಬಹುಮಾನ ಬಂದವಳ ಹಾಗೆ.

ಡಾಕ್ಟರಮ್ಮನ ಕಣ್ಣು ಅವಳ ಕೊರಳಿಗೆ ಹೋಗಿ ಅಲ್ಲೇ ನಿಂತಿತು. ನರಹುಲಿಗಳ ಸುತ್ತ ಚರ್ಮ ಕಪ್ಪಾಗಿ ದಪ್ಪಗಟ್ಟಿತ್ತು.

“ನಿಮಗೆ ಬಾಯಾರಿಕೆ ಜಾಸ್ತಿನಾಮ್ಮ?”

“ದುಡಿಯೋರಿಗೆ ಬಾಯಾರದೆ ಇನ್ನೇನು?”

“ರಕ್ತ ಒಂದ್ಸಲ ನೋಡೋಣ. ಚರ್ಮ ಹೀಗಾದಾಗ ಕೆಲವರಿಗೆ ಒಳಗೆ ಸಕ್ಕರೆ ಕಾಯಿಲೆ ಇರತ್ತೆ.”

“ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ!” ಚಿಕ್ಕಮ್ಮ ಚೀಲ ಹೆಗಲಿಗೇರಿಸಿ ಎದ್ದೇಬಿಟ್ಟಳು. ಅವಳು ಜೀವಮಾನದಲ್ಲಿ ಬಟ್ಟೆಯ ಸೂಜಿ ಬಿಟ್ಟರೆ ಬೇರೆ ಸೂಜಿಯ ಹತ್ತಿರ ಸುಳಿದವಳಲ್ಲ.

ಪುಟ್ಟಿ ಅವಳ ಮಣಿಕಟ್ಟು ಹಿಡಿದಳು. “ಕೂತ್ಕೋ ಚಿಕ್ಕಮ್ಮ. ನಂಗೆ ಇನ್ನೊಬ್ಬಳು ಅಮ್ಮ ಇಲ್ಲ.”

ಚಿಕ್ಕಮ್ಮ ಚೀಲ ಕೆಳಗಿಟ್ಟಳು. ಆಮೇಲೆ ಕೂತು ತೋಳು ಚಾಚಿದಳು.

ಸಕ್ಕರೆ ಇರಬೇಕಾದ್ದಕ್ಕಿಂತ ಎರಡು ಪಟ್ಟು ಮೀರಿತ್ತು. ಉಳಿದ ಪರೀಕ್ಷೆಗಳನ್ನೂ ಮಾಡಿಸಿದ ಮೇಲೆ ಡಾಕ್ಟರಮ್ಮ, ಕಣ್ಣಿಗಾಗಲಿ ಮೂತ್ರಪಿಂಡಕ್ಕಾಗಲಿ ಇನ್ನೂ ಏನೂ ಆಗಿಲ್ಲ, ಸದ್ಯ ಬೇಗ ಬಂದಿರಿ ಎಂದರು. ಮಾತ್ರೆ, ಊಟದಲ್ಲಿ ಹಿಡಿತ, ದಿನಾ ನಡಿಗೆ. ಪುಟ್ಟಿಯ ಕೊರಳು ವಾಸಿಯಾಗಿ, ನರಹುಲಿಗಳು ಹೋಗಿ, ಅವಳು ಮತ್ತೆ ಸರದ ಕಡೆಗೆ ಬಂದಳು. “ನಿಮ್ಮದೂ ತೆಗೆಯೋಣ್ವಾ?” ಎಂದು ಡಾಕ್ಟರಮ್ಮ ಕೇಳಿದಾಗ ಚಿಕ್ಕಮ್ಮ ಒಪ್ಪಲಿಲ್ಲ. “ಇರ್ಲಿ ಬಿಡಿ, ಬಾಡಿಗೆ ಕೊಡದಿದ್ರೂ ಹಳೇ ಒಕ್ಕಲು.”

ಬೆಳಗ್ಗೆ ಬೆಳಗ್ಗೆ ಇಬ್ಬರೂ ನಡೆಯಲು ಹೊರಟರು. ಮೊದಲ ವಾರ ಚಿಕ್ಕಮ್ಮ ಬೀದಿಯ ಏರಿನಲ್ಲಿ ಸಿಕ್ಕಸಿಕ್ಕ ಕಟ್ಟೆಯ ಮೇಲೆಲ್ಲ ಕೂರುತ್ತ, ಡಾಕ್ಟರಮ್ಮನಿಗೆ ಶಾಪ ಹಾಕುತ್ತ ಬಂದಳು. ಆಮೇಲೊಂದು ದಿನ ಬೇಕರಿಯ ಷಟರ್ ಎತ್ತುವ ಸದ್ದಾದಾಗ ಪುಟ್ಟಿ ಏದುಸಿರು ಬಿಡುತ್ತ ತಲೆಯೆತ್ತಿದಳು. ಚಿಕ್ಕಮ್ಮ ಏರಿನ ತುದಿಯಲ್ಲಿ, ಬಿಳಿ ಬೂಟು ತೊಟ್ಟು, ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅವಳ ಹಿಂದೆ ಆಕಾಶ ಆಗತಾನೆ ಬೆಳ್ಳಗಾಗುತ್ತಿತ್ತು.