ಅಮ್ಮನ ‘ಬಿಡು’

ತಮ್ಮನ ಪುಸ್ತಕ ಕೈಗೆತ್ತಿಕೊಂಡರೆ ಸಾಕು, ಓಡಿಲಿಯಾಗೆ ಮೈಯೆಲ್ಲ ಉರಿಯುತ್ತಿತ್ತು. ತಮ್ಮ ಫಾದರ್ ಮೈನ್‌ರಾಡ್ ಅಂದರೆ ಬ್ರಿಗ್ ಊರಿಗೇ ಹೆಮ್ಮೆ. ಗ್ರೀಕು, ಹೀಬ್ರೂ ಅರೆದು ಕುಡಿದ ಪಂಡಿತ, ಸಾಲದ್ದಕ್ಕೆ ದೇವರ ಸಾಕ್ಷಾತ್ಕಾರ ಆದವನು ಎಂಬ ಹೆಸರು ಬೇರೆ. ಕಣ್ಣಿನ ಆಪರೇಷನ್ ಆಗಿ ಎರಡಕ್ಕೂ ಪಟ್ಟಿ ಬಿದ್ದಿದ್ದರಿಂದ, ಅವನ ಪುಸ್ತಕವನ್ನು ಅವನಿಗೇ ಓದಿ ಹೇಳುವ ಕರ್ಮ ಅಕ್ಕನ ತಲೆಗೆ ಬಂದಿತ್ತು. ಶಾಲೆಯಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತಳಾದವಳು ಅವಳು. ಅಡಿಟಿಪ್ಪಣಿಗಳಲ್ಲಿ ಹುಡುಕಿದರೂ ಒಂದು ತಪ್ಪು ಸಿಗಲಿಲ್ಲವಲ್ಲ ಎಂಬ ಸಿಟ್ಟೂ ಇತ್ತು.

ಅಮ್ಮನ ಅಧ್ಯಾಯಕ್ಕೆ ಬಂದಾಗ ಅವಳ ದನಿ ಒರಟಾಯಿತು. ಇಡೀ ಪುಸ್ತಕ ನಿಂತಿದ್ದೇ ಅಮ್ಮ ಸಾಯುವಾಗ ಆಡಿದ ಒಂದು ಮಾತಿನ ಮೇಲೆ: ‘ಬಿಡು.’ ಮೈನ್‌ರಾಡ್ ಅದಕ್ಕೆ ಸಂತರನ್ನೆಲ್ಲ ಸಾಕ್ಷಿಗೆ ಎಳೆದು ತಂದಿದ್ದ. ಜಗತ್ತನ್ನು ಬಿಡು, ನಿನ್ನನ್ನೇ ಬಿಡು, ಕೊನೆಗೆ ದೇವರೆಂಬ ಹೆಸರನ್ನೂ ಬಿಡು, ಆಗ ಉಳಿಯುವುದೇ ದೇವರು.

"ಭಾನುವಾರ ಚರ್ಚಲ್ಲಿ ಈ ಪುಟ ನೀನೇ ಓದ್ಬೇಕಕ್ಕ. ಅಮ್ಮನ್ನ ಕಂಡೋರೆಲ್ಲ ಬರ್ತಾರೆ," ಎಂದ ಅವನು, ಕಪ್ಪು ರೊಟ್ಟಿಯನ್ನು ಕಾಫಿಗೆ ಅದ್ದುತ್ತ.

"ಓದಲ್ಲ."

"ಯಾಕೆ? ಹೊಟ್ಟೆಕಿಚ್ಚಾ?"

"ಹೂಂ ಕಣೋ, ಹೊಟ್ಟೆಕಿಚ್ಚೇ! ಅವಳ ಹೇಲು ಉಚ್ಚೆ ಬಳಿದೋಳು ನಾನು, ಅವಳ ಮೇಲೆ ಪುಸ್ತಕ ಬರ್ದು ಮೆರೆಯೋನು ನೀನು. ಆದ್ರೆ ಅದಕ್ಕಲ್ಲ ಓದಲ್ಲ ಅಂದಿದ್ದು. ಅಮ್ಮ ಹಾಗಂದಿದ್ದು ನಿಜ. ನೀನು ಹಚ್ಚಿರೋ ಅರ್ಥ ಸುಳ್ಳು."

ಮೈನ್‌ರಾಡ್ ನಕ್ಕ. "ಟೀಚರಮ್ಮ, ಕೊನೇ ಉಸಿರಿನ ತನಕ ಅವಳ ಕೈ ಹಿಡ್ಕೊಂಡು ಕೂತಿದ್ದೋನು ನಾನು."

ಇವನಿಗೆ ಹೇಳಿ ಪ್ರಯೋಜನವಿಲ್ಲ ಎಂದು ಅವಳು ಪುಸ್ತಕ ಮುಚ್ಚಿ ಎದ್ದಳು. ಅವನು ತಡಕಾಡಿ ಅವಳ ಮಣಿಕಟ್ಟನ್ನು ಗಬಕ್ಕನೆ ಹಿಡಿದ. ಚಿಕ್ಕಂದಿನಿಂದಲೂ ಅವನದು ಉಡದ ಪಟ್ಟು. ಮೊದಲೇ ನೋಯುತ್ತಿದ್ದ ಅವಳ ಗಂಟುಗಳಲ್ಲಿ ಪ್ರಾಣ ಹೋದಂತಾಯಿತು.

"ಸುಳ್ಳು ಅಂದ್ಯಲ್ಲ, ಏನು ಸುಳ್ಳು? ಹೇಳೇ ಹೋಗ್ಬೇಕು ನೀನು."

"ಬಿಡು!" ಎಂದಳು ಓಡಿಲಿಯಾ.

ಬೇಕೆಂದು ಮಾಡಿದ್ದಲ್ಲ, ಆದರೂ ಆ ದನಿ ಥೇಟ್ ಅಮ್ಮನದೇ ಆಗಿತ್ತು. ಮೈನ್‌ರಾಡನ ಬೆರಳುಗಳು ಒಂದೊಂದಾಗಿ ಸಡಿಲವಾದವು.

"ಅವಳಿಗೆ... ನೋವಾಗಿತ್ತಾ?"

ಅವಳು ಮಣಿಕಟ್ಟು ನೀವಿಕೊಂಡಳು. ಕನಿಕರ ಬರಲಿಲ್ಲ.

"ಹೆಣ ತೊಳೆಯೋವಾಗ ನೋಡ್ದೆ. ನಿನ್ನ ಐದು ಬೆರಳೂ ಅವಳ ಕೈ ಮೇಲೆ ನೀಲಿಗಟ್ಟಿ ಮೂಡಿದ್ವು. ಭಾನುವಾರ ಅದನ್ನೂ ಓದ್ಲಾ?"