ಅತ್ತೆಯ ಮೂಲೆಗೆ ಬಂದ ಹಿಟ್ಟು

ಬ್ರೆಡ್ ಮಾವನಿಗೆ ಹೆಂಡತಿಯಿಂದ ಬೈಸಿಕೊಳ್ಳದೆ ಬೆಳಗಾಗುತ್ತಿರಲಿಲ್ಲ. ಬೇಕರಿ ನಡೆಸುವ ಅವರಿಗೆ ಓಣಿಯವರು ಇಟ್ಟ ಹೆಸರು ಬ್ರೆಡ್ ಮಾವ. ಹಾಗಾಗಿ ಹೆಂಡತಿ ಎಲ್ಲರಿಗೂ ಅತ್ತೆ. "ಒಲೆ ನೋಡ್ರೀ, ಬನ್ ಸೀದು ಹೋಗ್ತಿದೆ" ಅಂತ ಶುರುವಾದರೆ ಅತ್ತೆಯ ಬೈಗುಳ ಮದುವೆಯ ಕಾಲದವರೆಗೂ ಹೋಗಿ ವಾಪಸ್ ಬರುತ್ತಿತ್ತು. ಮಾವ ಹಿಟ್ಟು ನಾದುತ್ತಾ ಕಿವಿ ತುಂಬ ಕೇಳಿಸಿಕೊಳ್ಳುತ್ತಿದ್ದರು. ಈಚೆಗೆ ಮಾತ್ರ ಬೈಗುಳ ಅರ್ಧಕ್ಕೇ ನಿಲ್ಲುತ್ತಿತ್ತು. ಕೆಮ್ಮು, ಅದರ ಹಿಂದೆಯೇ ಉಬ್ಬಸ.

ಡಾಕ್ಟರು ಔಷಧಿ ಕೊಟ್ಟು, "ಇವರಿಗೆ ಹಿಟ್ಟಿನ ಧೂಳು ಆಗ್ತಿಲ್ಲ. ಧೂಳು ಕಡಿಮೆ ಆಗದಿದ್ರೆ ಬೇಕರಿ ಬಿಡಬೇಕಾಗುತ್ತೆ" ಎಂದರು. ಮದುವೆಯಾದಾಗಿನಿಂದ ಇಬ್ಬರೂ ಒಂದೇ ಕೋಣೆಯಲ್ಲಿ ದುಡಿದವರು. ಅವಳಿಲ್ಲದ ಬೇಕರಿಯಲ್ಲಿ ಮಾವನಿಗೆ ಕೈಯೇ ಓಡದು.

ಅಂದೇ ಅತ್ತೆಯ ಪ್ಯಾಕಿಂಗ್ ಮೇಜನ್ನು ಹಿಟ್ಟಿನ ಹಲಗೆಯಿಂದ ದೂರ, ಹಿಂದಿನ ಮೂಲೆಗೆ ತಾವೇ ಎಳೆದು ಹಾಕಿದರು. ಕೂರಲು ಮೆತ್ತನೆಯ ದಿಂಬು ಕೊಟ್ಟರು. ಜರಡಿ ಹಿಡಿಯುವಾಗ ಹಿಟ್ಟು ಹಾರಿ ದಂಡವಾಗಬಾರದೆಂದು ಕಿಟಕಿ ಮುಚ್ಚುವುದು, ಖಾಲಿ ಚೀಲವನ್ನು ಕೊನೆಯ ಚಿಟಿಕೆ ಉದುರುವತನಕ ಪಟಪಟ ಒದರುವುದು ಅವರ ಹಳೇ ರೂಢಿ. ಅದು ಹಾಗೇ ನಡೆಯಿತು. ಹೇಗೂ ಅವಳು ದೂರ ಕೂತಿದ್ದಾಳಲ್ಲ! ಆದರೂ ಕೆಮ್ಮು ಹೆಚ್ಚಿತು.

ಆ ಹೊತ್ತಿಗೆ ಮಾವನ ಅಕ್ಕನ ಮಗಳು ಬಂದಳು. ಕಾರ್ಖಾನೆಗಳಲ್ಲಿ ಧೂಳು ಎಲ್ಲಿಂದ ಎದ್ದು ಎಲ್ಲಿ ಕೂರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ. ಅತ್ತೆಯ ಉಸಿರಿನ ಸದ್ದು ಕೇಳಿ ಅವಳ ಮುಖ ಸಪ್ಪಗಾಯಿತು. ಟೇಪ್ ಹಿಡಿದು ಕೋಣೆ ಅಳೆದಳು. ಫ್ಯಾನು, ಬಾಗಿಲು, ಒಲೆ ಎಲ್ಲೆಲ್ಲಿವೆ ಎಂದು ಗುರುತು ಹಾಕಿಕೊಂಡಳು.

"ಧೂಳಿಗೂ ವಿಳಾಸ ಬರೀತೀಯೇನಮ್ಮ?" ಮಾವ ಛೇಡಿಸಿದರು.

"ಹೂಂ ಮಾವ, ಅದು ಯಾರ ಮನೆಗೆ ಹೋಗುತ್ತೋ ನೋಡೋಣ."

ಮಾರನೇ ದಿನ ಪರದೆಯ ಮೇಲೆ ಅವರದೇ ಕೋಣೆ ಮೂಡಿತ್ತು. ಹಲಗೆಯ ಬಳಿ ಚುಕ್ಕಿಗಳು ಎದ್ದವು.

"ಕೆಂಪು ಚುಕ್ಕಿ ದಪ್ಪ ಹಿಟ್ಟು. ನೋಡಿ, ಅಲ್ಲೇ ಬಿತ್ತು. ನೀವು ದಿನಾ ಗುಡಿಸೋದು ಇದನ್ನ. ನೀಲಿ ಚುಕ್ಕಿ ನಯವಾದ ಪುಡಿ. ಅದು ಕಣ್ಣಿಗೂ ಕಾಣಲ್ಲ, ಬೇಗ ಬೀಳೋದೂ ಇಲ್ಲ."

ನೀಲಿ ಚುಕ್ಕಿಗಳು ಫ್ಯಾನಿನ ಗಾಳಿ ಹಿಡಿದು ಮೇಲೆ ತೇಲಿದವು. ಹಿಂದಿನ ಗೋಡೆ ಮುಟ್ಟಿ ಕೆಳಗಿಳಿದವು. ಇಳಿದು ಅತ್ತೆಯ ಮೂಲೆಯಲ್ಲೇ ಸುತ್ತತೊಡಗಿದವು.

"ಆ ಮೂಲೆಗೆ ಬಂದ ಗಾಳಿಗೆ ಹೊರಗೆ ಹೋಗೋಕೆ ದಾರಿಯಿಲ್ಲ ಮಾವ."

"ಹೋಗೇ! ದೂರ ಇರಲಿ ಅಂತಾನೇ ನಾನು ಅವಳನ್ನ ಅಲ್ಲಿ ಕೂರಿಸಿದ್ದು. ನಿನ್ನ ಪೆಟ್ಟಿಗೆಗೆ ಏನು ಗೊತ್ತು?"

"ಅದು ಹೇಳಿದ್ದೇ ವೇದವಾಕ್ಯ ಅಂತ ನಾನೂ ಅನ್ನಲ್ಲ. ಬರೀ ಲೆಕ್ಕ ಅದು. ನಾವೇ ಪರೀಕ್ಷೆ ಮಾಡೋಣ."

ಅತ್ತೆಯನ್ನು ಮನೆಯೊಳಗೆ ಮಲಗಿಸಿ, ಚೆನ್ನಾಗಿ ಒರೆಸಿದ ಕಪ್ಪು ಟ್ರೇಗಳನ್ನು ಅಲ್ಲಲ್ಲಿ ಇಟ್ಟಳು. ಮಾವ ಎಂದಿನಂತೆ ಕೆಲಸ ಮಾಡಿದರು. ಸಂಜೆ ಬೆರಳಾಡಿಸಿದರು. ಬಾಗಿಲ ಬಳಿಯ ಟ್ರೇಯಲ್ಲಿ ಗುರುತೇ ಮೂಡಲಿಲ್ಲ. ಮೂಲೆಯ ಟ್ರೇಯಲ್ಲಿ ಬೆರಳೆಳೆದ ಗೆರೆ ಕಪ್ಪಗೆ ಎದ್ದು ಕಂಡಿತು. ಸುತ್ತಲೂ ಬಿಳಿ ಪುಡಿ.

ಮಾವ ಆ ದಿಂಬಿನ ಮೇಲೇ ಕುಸಿದು ಕೂತರು. "ನನ್ನ ಕೈಯಾರೆ ಅವಳನ್ನ ಧೂಳಲ್ಲಿ ಕೂರಿಸಿಬಿಟ್ಟೆನಲ್ಲ!" ಕಣ್ಣು ತುಂಬಿ ಬಂತು.

ಅತ್ತೆ ಒಳಗಿಂದ ಬಂದು ಅವರ ಭುಜದ ಮೇಲೆ ಕೈಯಿಟ್ಟರು. "ಪ್ರೀತಿಯಿಂದ ಕೂರಿಸಿದ್ರಿ. ಈಗ ಪ್ರೀತಿಯಿಂದಲೇ ಎಬ್ಬಿಸಿ."

ಹುಡುಗಿ ಕಂಪ್ಯೂಟರಿನಲ್ಲಿ ಮೇಜನ್ನು ಅತ್ತ ಇತ್ತ ಸರಿಸಿ ನೋಡಿದಳು. "ಕಂಪ್ಯೂಟರಲ್ಲಿ ಮೇಜು ಎಳೆದ್ರೆ ಬೆನ್ನು ನೋಯಲ್ಲ" ಎಂದು ನಕ್ಕಳು. ಕೊನೆಗೆ ಅತ್ತೆಯ ಮೇಜು ಬಾಗಿಲ ಬಳಿಗೆ ಬಂತು. ಹಿಟ್ಟಿನ ಹಲಗೆಯ ಪಕ್ಕದ ಗೋಡೆಗೆ ಗಾಳಿಯನ್ನು ಹೊರಗೆಳೆಯುವ ಫ್ಯಾನು ಬಂತು. ಹೊಸ ಗಾಳಿ ಮೊದಲು ಅತ್ತೆಗೆ, ಆಮೇಲೆ ಹಿಟ್ಟಿಗೆ, ಅಲ್ಲಿಂದ ಹೊರಕ್ಕೆ. ಮಾವ ಚೀಲ ಒದರುವುದು ಬಿಟ್ಟು ಮೆಲ್ಲಗೆ ಸುತ್ತಿಟ್ಟರು. ಹಿಟ್ಟನ್ನು ಎತ್ತರದಿಂದ ಸುರಿಯಲಿಲ್ಲ. ಪೊರಕೆಯ ಬದಲು ಒದ್ದೆ ಬಟ್ಟೆ ಹಿಡಿದರು. ಜರಡಿ ಹಿಡಿಯುವಾಗ ತಾವು ಮಾಸ್ಕ್ ಹಾಕಿ, ಅತ್ತೆಯನ್ನು ಹೊರಗೆ ಕಳಿಸಿದರು. ಔಷಧಿಯನ್ನೂ ತಪ್ಪಿಸಲಿಲ್ಲ.

ಕೆಮ್ಮು ಒಂದೇ ದಿನಕ್ಕೆ ಹೋಗಲಿಲ್ಲ. ಬರಬರುತ್ತಾ ಇಳಿಯಿತು. ಡಾಕ್ಟರು ಎದೆ ಪರೀಕ್ಷಿಸಿ, "ಈಗ ಪರವಾಗಿಲ್ಲ, ಬೇಕರಿ ಬಿಡೋದು ಬೇಡ. ಹೀಗೇ ನೋಡ್ಕೊಳ್ಳಿ" ಎಂದರು.

ಒಂದು ಬೆಳಗ್ಗೆ ಬನ್ ಸೀದವು. ಬಾಗಿಲ ಬಳಿಯಿಂದ ಅತ್ತೆಯ ಬೈಗುಳ ಹೊರಟಿತು. ಮದುವೆಯ ಕಾಲದವರೆಗೂ ಹೋಯಿತು, ಒಂದೂ ಕೆಮ್ಮಿಲ್ಲದೆ ವಾಪಸ್ ಬಂತು. ಮಾವ ನಾದುವುದು ನಿಲ್ಲಿಸಿ ಕೇಳುತ್ತಾ ನಿಂತರು.

"ಏನ್ರೀ ಹಲ್ಲು ಕಿರೀತೀರಾ? ಬನ್ ಸೀದಿದೆ!"

"ಸೀಯಲಿ ಬಿಡೇ. ಇನ್ನೊಂದು ಸಲ ಮೊದಲಿಂದ ಬೈ."

ಅಕ್ಕಾ, ಅಣ್ಣಾ, ನಿಮ್ಮ ಮನೆಯಲ್ಲೂ ಹಿಟ್ಟಿನ ಕೆಲಸವೋ, ಮರಗೆಲಸವೋ, ಹತ್ತಿಯ ಕೆಲಸವೋ ಇರಬಹುದು. ಕಂಪ್ಯೂಟರ್ ಇಲ್ಲದಿದ್ದರೂ ಒಂದು ತಟ್ಟೆ ಇದ್ದೇ ಇರುತ್ತೆ. ಒರೆಸಿ, ನಿಮ್ಮವರು ಕೂರುವ ಜಾಗದಲ್ಲಿ ಇವತ್ತೇ ಇಟ್ಟು, ಸಂಜೆ ಬೆರಳಾಡಿಸಿ ನೋಡಿ. ತಟ್ಟೆ ಸ್ವಚ್ಛವಾಗಿದ್ದರೂ ಕೆಮ್ಮು ಬಿಡದಿದ್ದರೆ ಡಾಕ್ಟರಿಗೆ ತೋರಿಸಿ. ಬೆರಳಿಗೆ ಧೂಳು ಹತ್ತಿತೋ, ತಡಮಾಡಬೇಡಿ. ಅವರನ್ನು ಅಲ್ಲಿಂದ ಪ್ರೀತಿಯಿಂದ ಎಬ್ಬಿಸಿ.